ಪಳಗಿದ ಸವಾರರಿಗೂ ತಿದ್ದುವವರು ಬೇಕು

ಮಾನ್ಯ ಸಂಪಾದಕರಿಗೆ,

ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರ ಸೆಪ್ಟೆಂಬರ್ 26ರಂದು ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಮತ್ತು ಅನುಷ್ ಅಗರ್‌ವಾಲಾ ಅವರ ತಂಡ ಕುದುರೆಯಿಂದ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ಡ್ರೆಸ್ಸಾಜ್ ವಿಭಾಗದಲ್ಲಿ ಚಿನ್ನ ಗೆದ್ದಾಗ, ಕುದುರೆ ಸವಾರಿಯೆಂದರೆ ರೇಸು ಇಲ್ಲವೇ ದಸರಾ ಮೆರವಣಿಗೆ ಎಂದಷ್ಟೇ ತಿಳಿದಿದ್ದ ನಮ್ಮಲ್ಲಿ ಅನೇಕರು ಆ ಹೆಸರನ್ನು ಮೊದಲ ಬಾರಿಗೆ ಕೇಳಿದರು. 1982ರ ದೆಹಲಿ ಕೂಟದ ನಂತರ, ಅಂದರೆ 41 ವರ್ಷಗಳ ಬಳಿಕ, ಏಷ್ಯನ್ ಕೂಟದ ಅಶ್ವಕ್ರೀಡೆಯಲ್ಲಿ ದೇಶಕ್ಕೆ ದೊರೆತ ಮೊದಲ ಚಿನ್ನ ಅದು. ಬೆಂಗಳೂರಿನ ಸುತ್ತಮುತ್ತಲ ಸವಾರಿ ಶಾಲೆಗಳಲ್ಲಿ ಈ ವಿಭಾಗವನ್ನು ಕಲಿಯಬೇಕೆಂದು ಕೇಳಿಕೊಂಡು ಬರುವವರು ಅಂದಿನಿಂದ ಹೆಚ್ಚಾಗಿರುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಮಕ್ಕಳ ಬಗ್ಗೆ ಹೇಳಬೇಕಾದದ್ದು ಹೆಚ್ಚೇನಿಲ್ಲ. ಮಕ್ಕಳು ಹೇಳಿದ್ದನ್ನು ಕೇಳುತ್ತಾರೆ, ಬಿದ್ದರೆ ಎದ್ದು ಮತ್ತೆ ಹತ್ತುತ್ತಾರೆ. ಈ ಪತ್ರ ಬರೆಯುತ್ತಿರುವುದು, ಬೇರೊಂದು ಬಗೆಯ ಸವಾರಿಯಲ್ಲಿ ಈಗಾಗಲೇ ಕೈಪಳಗಿ, ಹೊಸದಾಗಿ ಡ್ರೆಸ್ಸಾಜ್ ಅಂಗಳಕ್ಕೆ ಕಾಲಿಡುವ ದೊಡ್ಡವರನ್ನು ಕುರಿತು. ಬೇಲಿ ಹಾರಿಸುವ ಸ್ಪರ್ಧೆಗಳಲ್ಲಿ ಪಾಲ್ಗೊಂಡವರು, ರೇಸ್ ಕುದುರೆಗಳಿಗೆ ಬೆಳಗಿನ ಓಟ ಕೊಡಿಸಿ ರೂಢಿಯಿರುವವರು, ಓಡುವ ಕುದುರೆಯ ಮೇಲಿಂದ ಭರ್ಜಿಯಲ್ಲಿ ನೆಲದ ಗೂಟ ಕೀಳುವ ಟೆಂಟ್ ಪೆಗ್ಗಿಂಗ್‌ನಲ್ಲಿ ಪದಕ ಪಡೆದವರು ಇವರಲ್ಲಿದ್ದಾರೆ. ಇವರಿಗೆ ಸವಾರಿ ಬರುತ್ತದೆ. ಆದರೆ ತಮಗೆ ಬರುವ ಸವಾರಿಯನ್ನು ಇನ್ನೊಬ್ಬರು ತಿದ್ದಿದಾಗ ಅದನ್ನು ಸಮಾಧಾನದಿಂದ ಕೇಳಿಸಿಕೊಳ್ಳುವುದು ಇವರಲ್ಲಿ ಕೆಲವರಿಗೆ ಕಷ್ಟವಾಗುತ್ತಿದೆ. ಆ ಕಷ್ಟದ ಭಾರ ಕೊನೆಗೆ ಬೀಳುವುದು ಕುದುರೆಯ ಬೆನ್ನಿನ ಮೇಲೂ ಬಾಯಿಯ ಮೇಲೂ ಆದ್ದರಿಂದ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಚರ್ಚೆಗೆ ತರಬೇಕೆನಿಸಿತು.

ನಾನು ಬಹುಮಾನ ಗೆದ್ದ ಸವಾರನಲ್ಲ. ಸ್ಥಳೀಯ ಸ್ಪರ್ಧೆಗಳಲ್ಲಿ ತೀರ್ಪುಗಾರರ ಪಕ್ಕದಲ್ಲಿ ಕುಳಿತು, ಅವರು ಹೇಳಿದ ಅಂಕವನ್ನೂ ಟಿಪ್ಪಣಿಯನ್ನೂ ಹಾಳೆಯ ಮೇಲೆ ಬರೆದುಕೊಳ್ಳುವ ಸ್ವಯಂಸೇವಕ. ಈ ಕೆಲಸ ಮಾಡುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಸ್ಕ್ರೈಬ್ ಆದವನು ತನ್ನ ಅಭಿಪ್ರಾಯ ಹೇಳುವಂತಿಲ್ಲ, ತೀರ್ಪುಗಾರರ ಮಾತನ್ನು ತನ್ನ ಮಾತಿನಲ್ಲಿ ಬದಲಿಸಿ ಬರೆಯುವಂತಿಲ್ಲ, ಯಾರ ಹಾಳೆಯಲ್ಲಿ ಏನಿತ್ತೆಂದು ಹೊರಗೆ ಬಂದು ಆಡುವಂತಿಲ್ಲ. ಆ ಕಟ್ಟುಪಾಡನ್ನು ಇಲ್ಲಿಯೂ ಉಳಿಸಿಕೊಂಡು, ಯಾವ ವ್ಯಕ್ತಿಯನ್ನೂ ಯಾವ ಶಾಲೆಯನ್ನೂ ಬೊಟ್ಟು ಮಾಡದೆ ಬರೆಯುತ್ತೇನೆ.

ಓದುಗರಲ್ಲಿ ಬಹುಮಂದಿ ಈ ಆಟವನ್ನು ಕಂಡಿರಲಾರರಾದ್ದರಿಂದ ಎರಡು ಮಾತು. ಡ್ರೆಸ್ಸಾಜ್ ಅಂಗಳ 20 ಮೀಟರ್ ಅಗಲ, 40 ಅಥವಾ 60 ಮೀಟರ್ ಉದ್ದದ ಆಯತ. ಅದರ ಅಂಚಿನಲ್ಲಿ ಗೊತ್ತಾದ ಸ್ಥಳಗಳಲ್ಲಿ ಇಂಗ್ಲಿಷ್ ಅಕ್ಷರಗಳ ಫಲಕಗಳಿರುತ್ತವೆ. ಸವಾರ ಎ ಅಕ್ಷರದ ಬಳಿ ಒಳಬಂದು, ಎದುರಿಗೆ ಸಿ ಅಕ್ಷರದ ಬಳಿ ಕುಳಿತ ತೀರ್ಪುಗಾರರಿಗೆ ವಂದಿಸಿ, ಮೊದಲೇ ನಿಗದಿಯಾದ ಚಲನೆಗಳನ್ನು ಕ್ರಮವಾಗಿ ಮಾಡಿ ತೋರಿಸಬೇಕು: ಇಂತಲ್ಲಿ ವಾಕ್ (ನಡಿಗೆ), ಇಂತಲ್ಲಿಂದ ಟ್ರಾಟ್ (ಸಣ್ಣ ಓಟ), ಇಂತಲ್ಲಿ ಕ್ಯಾಂಟರ್ (ಅದಕ್ಕಿಂತ ವೇಗದ ನೆಗೆತದ ಓಟ), ಇಲ್ಲೊಂದು ವೃತ್ತ, ಅಲ್ಲೊಂದು ನಿಲುಗಡೆ. ಒಂದೊಂದು ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕವಿದ್ದು, ಅರ್ಧ ಅಂಕವನ್ನೂ ಕೊಡಬಹುದು. ಓಡುವ, ಹಾರುವ ಆಟಗಳಲ್ಲಿ ಗಡಿಯಾರವೋ ಬಿದ್ದ ಅಡ್ಡಪಟ್ಟಿಯೋ ಫಲಿತಾಂಶವನ್ನು ಹೇಳಿಬಿಡುತ್ತದೆ, ಅದರೊಡನೆ ವಾದಿಸುವುದಕ್ಕೆ ಏನೂ ಇರುವುದಿಲ್ಲ. ಇಲ್ಲಿ ಹಾಗಲ್ಲದೆ, ಎದುರಿಗೆ ಕುಳಿತ ಮನುಷ್ಯರೊಬ್ಬರು ನೋಡಿ, ಇದು ಹೀಗಿತ್ತು, ಹೀಗಿರಬೇಕಿತ್ತು ಎನ್ನುತ್ತಾರೆ. ಬೇರೆ ವಿಭಾಗದಿಂದ ಬಂದವರಿಗೆ ಮೊದಲು ಮನಸ್ಸಿಗೆ ಚುಚ್ಚುವುದು ಇದೇ ಎಂದು ನನ್ನ ಅನಿಸಿಕೆ.

ಆದರೆ ತೊಡಕು ಮನಸ್ಸಿನದಷ್ಟೇ ಅಲ್ಲ, ಮೈಯಲ್ಲೂ ಇದೆ. ಇದನ್ನು ತಿಳಿದುಕೊಳ್ಳದೆ ಇಂಥ ಸವಾರರನ್ನು ಅಹಂಕಾರಿಗಳೆಂದು ಕರೆಯುವುದು ಅನ್ಯಾಯವಾಗುತ್ತದೆ. ರೇಸ್ ಸವಾರ ಪಾದವಿಡುವ ರಿಕಾಬನ್ನು ಗಿಡ್ಡವಾಗಿ ಕಟ್ಟಿ, ಮಂಡಿ ಮಡಚಿ, ಜೀನಿನಿಂದ ಮೇಲೆದ್ದು, ತನ್ನ ಭಾರವನ್ನೆಲ್ಲ ರಿಕಾಬಿನ ಮೇಲೆ ಹೊತ್ತು ಕುದುರೆಯ ಬೆನ್ನನ್ನು ಬಿಡುವಾಗಿಡುತ್ತಾನೆ. ಓಟದ ಕುದುರೆ ಬಿಗಿಯಾದ ಲಗಾಮಿಗೆ ಒರಗಿಕೊಂಡು ಓಡುವುದನ್ನು ಕಲಿತಿರುತ್ತದೆ. ಲಗಾಮು ಬಿಗಿದಷ್ಟೂ ಅದಕ್ಕೆ ಮುನ್ನುಗ್ಗುವ ಸೂಚನೆ. ಅದೇ ಸವಾರ ಡ್ರೆಸ್ಸಾಜ್‌ಗೆ ಬಂದಾಗ, ರಿಕಾಬನ್ನು ಉದ್ದ ಬಿಟ್ಟು, ಜೀನಿನ ಮೇಲೆ ಪೂರ್ತಿ ಕುಳಿತು, ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿ ಬರುವಂತೆ ಮೈ ಹಿಡಿದು, ಲಗಾಮಿನಲ್ಲಿ ಕುದುರೆಯ ಬಾಯಿಯೊಡನೆ ಹಗುರವಾದ, ಎಂದೂ ಕಡಿಯದ ಸಂಪರ್ಕವಿಟ್ಟುಕೊಳ್ಳಬೇಕು. ಕುದುರೆಯನ್ನು ನಿಧಾನಿಸಬೇಕಾದಾಗ ಕೈಗಿಂತ ಮೊದಲು ಬೆನ್ನು ಮತ್ತು ಸೊಂಟ ಮಾತಾಡಬೇಕು. ವರ್ಷಗಟ್ಟಲೆ ಸ್ನಾಯುಗಳಿಗೆ ಕಲಿಸಿದ್ದನ್ನೆಲ್ಲ ಅಲ್ಲಲ್ಲೇ ತಡೆದು ಅದರ ವಿರುದ್ಧದ್ದನ್ನು ಮಾಡಿಸಬೇಕಾಗುತ್ತದೆ. ಟೆಂಟ್ ಪೆಗ್ಗಿಂಗ್‌ನವರ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ನಾಗಾಲೋಟದಲ್ಲಿ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಭರ್ಜಿ ಹಿಡಿದು, ನೆಲದ ಗೂಟದತ್ತ ಮೈಬಾಗಿಸುವ ಆ ಸವಾರಿಯಲ್ಲಿ ಭುಜಗಳು ಸಮನಾಗಿರುವ ಪ್ರಶ್ನೆಯೇ ಬರುವುದಿಲ್ಲ. ಡ್ರೆಸ್ಸಾಜ್‌ನಲ್ಲಿ ಒಂದು ಭುಜ ಮುಂದೆ ಹೋಯಿತೆಂದರೆ ವೃತ್ತವೇ ಕೆಡುತ್ತದೆ. ತೆಂಕುತಿಟ್ಟಿನಲ್ಲಿ ಹೆಸರು ಮಾಡಿದ ವೇಷಧಾರಿ ಬಡಗುತಿಟ್ಟಿನ ರಂಗಸ್ಥಳಕ್ಕೆ ಹೋಗಿ ನಿಂತಂತೆ ಇದು: ಕಾಲಿಗೆ ಗೊತ್ತಿರುವ ಹೆಜ್ಜೆಯೇ ಅಡ್ಡ ಬರುತ್ತದೆ.

ಟೆಂಟ್ ಪೆಗ್ಗಿಂಗ್‌ನ ಹೆಸರೆತ್ತಿದ್ದು ಅದನ್ನು ಕಡಿಮೆಯೆಂದು ತೋರಿಸುವುದಕ್ಕಲ್ಲ ಎಂದು ಸ್ಪಷ್ಟಪಡಿಸುತ್ತೇನೆ. 1982ರಲ್ಲಿ ದೆಹಲಿಯಲ್ಲಿ ರಘುಬೀರ್ ಸಿಂಗ್, ಡ್ರೆಸ್ಸಾಜ್ ಸೇರಿ ಮೂರು ಹಂತಗಳಿರುವ ಈವೆಂಟಿಂಗ್‌ನಲ್ಲಿ ಗೆದ್ದ ಚಿನ್ನದ ಜೊತೆಗೆ ರೂಪಿಂದರ್ ಸಿಂಗ್ ಬ್ರಾರ್ ಟೆಂಟ್ ಪೆಗ್ಗಿಂಗ್‌ನಲ್ಲೂ ಚಿನ್ನ ತಂದಿದ್ದರು. ಮೈಸೂರಿನ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅಶ್ವದಳದವರು ಗೂಟ ಕೀಳುವುದನ್ನು ಕಂಡವರಿಗೆ ಆ ಕೌಶಲದ ಬೆಲೆ ಗೊತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಹಿಡಿದ ಮೈಸೂರು ಲ್ಯಾನ್ಸರ್ಸ್ ನಮ್ಮವರೇ. ಇಂಥ ಪರಂಪರೆಯಿಂದ ಬಂದ ಸವಾರನಿಗೆ, ‘ನಿಮ್ಮ ಕೈ ಗಟ್ಟಿಯಾಗಿದೆ, ನೀವು ಸರಿಯಾಗಿ ಕುಳಿತಿಲ್ಲ’ ಎಂದರೆ ಮುಖ ಕೆಂಪಾಗುವುದು ಸಹಜ. ಸಹಜವಾದದ್ದೆಲ್ಲ ಸಲ್ಲುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಸ್ಪರ್ಧೆ ಮುಗಿದು ಹಾಳೆಗಳನ್ನು ಹಂಚುವ ಮೇಜಿನ ಬಳಿ ಈ ತಕರಾರು ಕಣ್ಣಿಗೆ ಕಾಣುವಂತಿರುತ್ತದೆ. ಹಾಳೆಯಲ್ಲಿ ಎಡಕ್ಕೆ ಚಲನೆಯ ವಿವರ, ನಡುವೆ ಅಂಕ, ಬಲಕ್ಕೆ ಟಿಪ್ಪಣಿಗೆಂದು ಬಿಟ್ಟ ಇಕ್ಕಟ್ಟಾದ ಜಾಗ. ತೀರ್ಪುಗಾರರು ಒಂದು ಚಲನೆಯನ್ನು ನೋಡಿ ಹೇಳಿ ಮುಗಿಸುವಷ್ಟರಲ್ಲಿ ಕುದುರೆ ಮುಂದಿನ ಚಲನೆಗೆ ಹೋಗಿರುತ್ತದೆ; ಆದ್ದರಿಂದ ಟಿಪ್ಪಣಿಗಳೆಲ್ಲ ಮೊಟಕು. ‘ವೃತ್ತ ಮೊಟ್ಟೆಯಾಕಾರ.’ ‘ನಿಲುಗಡೆ ನೇರವಿಲ್ಲ, ಹಿಂಗಾಲು ಎಡಕ್ಕೆ.’ ‘ಕೈಗೆ ಎದುರು.’ ‘ಆತುರ.’ ಇವುಗಳಲ್ಲಿ ಒಂದರಲ್ಲೂ ಸಕ್ಕರೆ ಹಚ್ಚಿರುವುದಿಲ್ಲ, ಹಚ್ಚುವುದಕ್ಕೆ ವ್ಯವಧಾನವೂ ಇರುವುದಿಲ್ಲ. ಹಾಳೆ ಕೈಗೆ ಬಂದೊಡನೆ ಕೆಲವರು ಕೆಳಗಿನ ಶೇಕಡಾ ಅಂಕವನ್ನಷ್ಟೇ ನೋಡಿ ಮಡಚಿ ಜೇಬಿಗೆ ತುರುಕುತ್ತಾರೆ. ಕೆಲವರು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಾರೆ. ಇನ್ನು ಕೆಲವರು, ‘ಇವತ್ತು ಕುದುರೆಯ ಮೂಡು ಸರಿಯಿರಲಿಲ್ಲ’, ‘ಆ ತೀರ್ಪುಗಾರರಿಗೆ ರೇಸ್ ಕುದುರೆ ಕಂಡರಾಗದು’ ಎಂದು ಪಕ್ಕದವರ ಬಳಿ ಹೇಳಿಕೊಳ್ಳುತ್ತಾರೆ. ಕುದುರೆಯ ಮೇಲೆ ಹೊರೆಸಿದ ತಪ್ಪಿಗೆ ಅದು ಎದುರು ವಾದಿಸುವುದಿಲ್ಲವಲ್ಲ, ಅದೊಂದು ಅನುಕೂಲ.

ಆ ಟಿಪ್ಪಣಿಗಳಲ್ಲಿ ಒಂದನ್ನೇ ತೆಗೆದುಕೊಂಡು ಅದರಲ್ಲಿ ಎಷ್ಟು ಕಲಿಯುವುದಿದೆ ಎಂಬುದನ್ನು ನೋಡಿ. ವೃತ್ತ ಮೊಟ್ಟೆಯಾಕಾರವಾಯಿತು ಎಂದರೆ ದಾರಿ ತಪ್ಪಿತು ಎಂದಷ್ಟೇ ಬೇರೆ ವಿಭಾಗದಿಂದ ಬಂದ ಸವಾರರು ತಿಳಿಯುತ್ತಾರೆ; ಮುಂದಿನ ಸಲ ಲಗಾಮನ್ನು ಇನ್ನಷ್ಟು ಒಳಕ್ಕೆಳೆದು ಕುದುರೆಯ ಮೂತಿಯನ್ನು ತಿರುಗಿಸುತ್ತಾರೆ. ಕುತ್ತಿಗೆ ಒಳಕ್ಕೆ ಬಾಗುತ್ತದೆ, ಭುಜ ಹೊರಕ್ಕೆ ಜಾರುತ್ತದೆ, ವೃತ್ತ ಮೊದಲಿಗಿಂತಲೂ ಕೆಡುತ್ತದೆ. ಕಲಿಸುವವರು ಆಗ ಹೇಳುವುದು, ಒಳಗಿನ ಕಾಲಿನಿಂದ ಪಕ್ಕೆಗೆ ಒತ್ತುಕೊಟ್ಟು ಕುದುರೆಯನ್ನು ಹೊರಗಿನ ಲಗಾಮಿನ ಕಡೆಗೆ ಕಳಿಸಿ, ಆ ಹೊರಗಿನ ಲಗಾಮಿನಿಂದಲೇ ತಿರುವನ್ನು ಹಿಡಿಯಿರಿ ಎಂದು. ಕೇಳುವುದಕ್ಕೆ ಇದು ಉಲ್ಟಾ ಎನಿಸುತ್ತದೆ. ಎಡಕ್ಕೆ ತಿರುಗಬೇಕಾದರೆ ಬಲಗೈಯ ಲಗಾಮು ಏಕೆ ಎಂದು ವಾದ ಹುಟ್ಟುವುದು ಇಲ್ಲಿಯೇ. ಮಾತಿನಲ್ಲಿ ಈ ವಾದ ಬಗೆಹರಿಯುವುದೇ ಇಲ್ಲ. ಒಪ್ಪದಿದ್ದರೂ ಪರವಾಗಿಲ್ಲವೆಂದು ಒಮ್ಮೆ ಹಾಗೆ ಮಾಡಿ ನೋಡಿದ ಸವಾರರಿಗೆ, ಕುದುರೆಯ ಪಕ್ಕೆ ತಮ್ಮ ಕಾಲಿನ ಸುತ್ತ ಬಾಗಿ, ಕುತ್ತಿಗೆ ತಾನಾಗಿ ಇಳಿದು, ಬಾಯಿ ಮೆಲ್ಲಗೆ ಮೆಲುಕಾಡತೊಡಗಿದ್ದು ಅನುಭವಕ್ಕೆ ಬರುತ್ತದೆ. ಅದುವರೆಗೆ ಹಿಂದಕ್ಕಂಟಿಕೊಂಡಿದ್ದ ಕಿವಿಗಳು ಸಡಿಲಗೊಂಡು ಅತ್ತಿತ್ತ ಆಡುವುದನ್ನು ಬೇಲಿಯ ಹೊರಗೆ ನಿಂತವರೂ ಕಾಣಬಹುದು.

ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಉದಾಹರಣೆ ಆಸ್ಟ್ರಿಯದ ಅಲೋಯಿಸ್ ಪೊಡ್ಹಾಯ್ಸ್ಕಿ ಅವರದು. ಅವರು ಅಶ್ವಸೇನೆಯ ಅಧಿಕಾರಿ. 1933ರಲ್ಲಿ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿಗೆ ಬರುವಾಗಲೇ ಸ್ಪರ್ಧೆಗಳಲ್ಲಿ ಗೆದ್ದು ಹೆಸರು ಮಾಡಿದ್ದವರು. ಆ ಶಾಲೆಯ ಗುರುಗಳು ಅದನ್ನೇನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉದ್ದ ಹಗ್ಗದ ತುದಿಯಲ್ಲಿ ಗುರುವಿನ ಸುತ್ತ ತಿರುಗುವ ಕುದುರೆಯ ಮೇಲೆ, ಎಳೆಯ ಶಿಷ್ಯರನ್ನು ಕೂರಿಸುವಂತೆಯೇ ಅವರನ್ನೂ ಕೂರಿಸಿ, ಕುಳಿತುಕೊಳ್ಳುವುದನ್ನು ಮೊದಲಿನಿಂದ ಕಲಿಸಿದರು. ಪೊಡ್ಹಾಯ್ಸ್ಕಿ ಕೂತರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರು ಡ್ರೆಸ್ಸಾಜ್‌ನಲ್ಲಿ ವೈಯಕ್ತಿಕ ಕಂಚು ಗೆದ್ದದ್ದು ನೀರೋ ಎಂಬ ಕುದುರೆಯ ಮೇಲೆ, ಮತ್ತು ಆ ನೀರೋ ಓಟದಲ್ಲಿ ಯಶಸ್ಸು ಕಾಣದ ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆಯಾಗಿತ್ತು. ನಮ್ಮ ಸವಾರಿ ಶಾಲೆಗಳಲ್ಲಿರುವ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ನಿವೃತ್ತಿಯಾದವು; ‘ರೇಸ್ ಕುದುರೆಯಿಂದ ಇದೆಲ್ಲ ಆಗುವುದಿಲ್ಲ’ ಎನ್ನುವವರು ನೀರೋವನ್ನು ನೆನೆಯುವುದು ಒಳ್ಳೆಯದು. ಪೊಡ್ಹಾಯ್ಸ್ಕಿ ಮುಂದೆ 1939ರಲ್ಲಿ ಅದೇ ಶಾಲೆಯ ಮುಖ್ಯಸ್ಥರಾದರು.

ಇನ್ನೊಬ್ಬರು ಜಪಾನಿನ ಹಿರೋಶಿ ಹೊಕೆತ್ಸು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೇಲಿ ಹಾರಿಸುವ ವಿಭಾಗದಲ್ಲಿ ಸ್ಪರ್ಧಿಸಿದ್ದ ಈತ ಆ ಮೇಲೆ ಡ್ರೆಸ್ಸಾಜ್‌ಗೆ ಬಂದು, ಉದ್ಯೋಗದಿಂದ ನಿವೃತ್ತರಾದ ಬಳಿಕ ಜರ್ಮನಿಯ ಆಹೆನ್‌ಗೆ ಹೋಗಿ ಅಲ್ಲಿ ತರಬೇತಿ ಪಡೆದು, 2008ರಲ್ಲಿ ಬೀಜಿಂಗ್‌ನಲ್ಲೂ 2012ರಲ್ಲಿ ಲಂಡನ್‌ನಲ್ಲೂ ಸ್ಪರ್ಧಿಸಿದರು. ಲಂಡನ್‌ಗೆ ಹೋದಾಗ ಅವರಿಗೆ 71 ವರ್ಷ. ಅರವತ್ತು ದಾಟಿದ ಒಲಿಂಪಿಕ್ ಸವಾರನೊಬ್ಬ ಪರದೇಶದಲ್ಲಿ ನಿಂತು ದಿನದಿನವೂ ತಿದ್ದಿಸಿಕೊಂಡದ್ದನ್ನು ಯೋಚಿಸಿದರೆ, ನಲವತ್ತರ ಹರೆಯದಲ್ಲಿ ವಾರಾಂತ್ಯಕ್ಕೆ ಕುದುರೆ ಹತ್ತುವ ನಮ್ಮಂಥವರು ಮುನಿಸಿಕೊಳ್ಳುವುದು ಸ್ವಲ್ಪ ತಮಾಷೆಯಾಗಿಯೇ ಕಾಣುತ್ತದೆ.

ನಮ್ಮ ಬೆಂಗಳೂರಿನವರೇ ಆದ ಫವಾದ್ ಮಿರ್ಜಾ ಅವರ ಈವೆಂಟಿಂಗ್ ವಿಭಾಗವಂತೂ ಈ ಪಾಠವನ್ನು ತನ್ನ ನಿಯಮದಲ್ಲಿಯೇ ಇಟ್ಟುಕೊಂಡಿದೆ. ಅಲ್ಲಿ ಒಬ್ಬನೇ ಸವಾರ, ಒಂದೇ ಕುದುರೆ. ಡ್ರೆಸ್ಸಾಜ್, ಬಯಲಿನ ಕ್ರಾಸ್ ಕಂಟ್ರಿ, ಬೇಲಿ ಹಾರಿಸುವುದು, ಮೂರನ್ನೂ ಮಾಡಬೇಕು. ಕ್ರಾಸ್ ಕಂಟ್ರಿಯಲ್ಲಿ ಎಷ್ಟೇ ಧೈರ್ಯ ತೋರಿಸುವವರಾದರೂ ಡ್ರೆಸ್ಸಾಜ್‌ನಲ್ಲಿ ತಿದ್ದಿಸಿಕೊಳ್ಳಲಾರದವರು ಮೊದಲ ಹಂತದಲ್ಲಿಯೇ ಹಿಂದೆ ಬೀಳುತ್ತಾರೆ. 2018ರ ಏಷ್ಯನ್ ಕೂಟದಲ್ಲಿ ವೈಯಕ್ತಿಕ ಮತ್ತು ತಂಡದ ಬೆಳ್ಳಿ ಪಡೆದ ಮಿರ್ಜಾ, ಜರ್ಮನಿಯಲ್ಲಿ ತರಬೇತಿ ಮುಂದುವರಿಸಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸಾಜ್ ಹಂತದಲ್ಲಿ ಕೇವಲ 28.00 ದಂಡಾಂಕದೊಡನೆ (ಇದು ಕಡಿಮೆಯಿದ್ದಷ್ಟೂ ಒಳ್ಳೆಯದು) ಒಂಬತ್ತನೆಯವರಾಗಿದ್ದರು. ಕೊನೆಗೆ 23ನೆಯ ಸ್ಥಾನ ಪಡೆದರು. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ನಾಲ್ವರೂ ಯುರೋಪಿನಲ್ಲಿ ತರಬೇತಿ ಪಡೆದವರೇ. ಅದೇ ಕೂಟದಲ್ಲಿ ಅನುಷ್ ಅಗರ್‌ವಾಲಾ ಅವರಿಗೆ ವೈಯಕ್ತಿಕ ಕಂಚು ತಂದುಕೊಟ್ಟ ಅಂಕ ಶೇಕಡಾ 73.030, ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರು ಪಡೆದದ್ದು ಶೇಕಡಾ 66.444. ಅಂದರೆ ಏಷ್ಯಾದ ಪದಕ ವಿಜೇತರ ಹಾಳೆಯಲ್ಲೂ ನೂರರಲ್ಲಿ ಕಾಲುಭಾಗಕ್ಕೂ ಹೆಚ್ಚು ಅಂಕ ತಿದ್ದುಪಡಿಯ ಪಾಲಾಗಿರುತ್ತದೆ. ಮೊದಲ ಸ್ಪರ್ಧೆಯಲ್ಲಿ 55 ಬಂತೆಂದು ತೀರ್ಪುಗಾರರ ಮೇಲೆ ಸಿಟ್ಟಾಗುವವರು ಈ ಸಂಖ್ಯೆಗಳನ್ನು ಒಮ್ಮೆ ನೋಡಬೇಕು.

ಇನ್ನು ಯಾರು ಹೇಳಿದರೆ ಕೇಳುತ್ತೇವೆ, ಯಾರು ಹೇಳಿದರೆ ಕೇಳುವುದಿಲ್ಲ ಎಂಬ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮ್ಮ ಸಮಾಜದ ಹಳೆಯ ರೋಗಗಳೆಲ್ಲ ಲಾಯದವರೆಗೂ ಬಂದಿವೆ. ವಿದೇಶದಿಂದ ಬಂದ ಕೋಚ್ ಎರಡು ದಿನದ ಶಿಬಿರದಲ್ಲಿ ಗದರಿದರೆ ತಲೆಯಾಡಿಸುವವರೇ, ಅದೇ ಮಾತನ್ನು ಇಲ್ಲಿಯ ಇಪ್ಪತ್ತೆರಡು ವರ್ಷದ ತರಬೇತುದಾರಳು ಮೆಲ್ಲಗೆ ಹೇಳಿದಾಗ ‘ನಾನು ಈ ಹುಡುಗಿ ಹುಟ್ಟುವ ಮೊದಲಿನಿಂದ ಕುದುರೆ ಹತ್ತುತ್ತಿದ್ದೇನೆ’ ಎನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ ಗಂಡಸರೂ ಹೆಂಗಸರೂ ಪ್ರತ್ಯೇಕ ವಿಭಾಗಗಳಿಲ್ಲದೆ ಒಂದೇ ಅಂಗಳದಲ್ಲಿ ಸಮವಾಗಿ ಸ್ಪರ್ಧಿಸುವ ಆಟ ಅಶ್ವಕ್ರೀಡೆ ಎಂಬುದು ಅವರಿಗೆ ನೆನಪಾಗುವುದಿಲ್ಲ.

ಕುದುರೆಯ ಆರೈಕೆ ಮಾಡುವ ಸೈಸ್ ಹೇಳಿದ್ದನ್ನಂತೂ ಸಲಹೆಯೆಂದು ಲೆಕ್ಕಿಸುವವರೇ ಅಪರೂಪ. ಬೆಳಿಗ್ಗೆ ಐದಕ್ಕೆ ಲಾಯಕ್ಕೆ ಬಂದು, ಲದ್ದಿ ಬಾಚಿ, ಮೇವಿಟ್ಟು, ಮೈಯುಜ್ಜಿ, ಗೊರಸು ಕೆರೆದು ಶುಚಿಮಾಡುವ ಅವರಿಗೆ ಯಾವ ಕುದುರೆಯ ಬೆನ್ನಿನಲ್ಲಿ ಎಲ್ಲಿ ಮುಟ್ಟಿದರೆ ಚರ್ಮ ಅದುರುತ್ತದೆ ಎಂಬುದು ಬೆರಳಿನ ತುದಿಯಲ್ಲಿರುತ್ತದೆ. ಒಮ್ಮೆ ಸವಾರಿಗೆ ಮುಂಚೆ ಜೀನು ಬಿಗಿಯುತ್ತಿದ್ದ ಸೈಸ್ ಒಬ್ಬರು, ‘ಸಾರ್, ಇವಳಿಗೆ ಬಲಗಡೆ ಬಾಯಿ ಸ್ವಲ್ಪ ನೋವಿದೆ, ಇವತ್ತು ಬಲಗೈ ಬಿಡುವಾಗಿಟ್ಟುಕೊಳ್ಳಿ’ ಎಂದರು. ಸವಾರ ಫೋನು ನೋಡುತ್ತಲೇ ‘ನೀನು ಬೆಲ್ಟು ಬಿಗಿ, ಸಾಕು’ ಎಂದು ಏಕವಚನದಲ್ಲಿ ಉತ್ತರಿಸಿದರು. ಸೈಸ್ ವಯಸ್ಸಿನಲ್ಲಿ ಆ ಸವಾರನ ತಂದೆಯಂತಿದ್ದರು. ಅಂಗಳದಲ್ಲಿ ಆ ಹೆಣ್ಣು ಕುದುರೆ ಬಲತಿರುವು ಬಂದಾಗಲೆಲ್ಲ ತಲೆ ಎತ್ತಿ ಒದರಿತು, ಸವಾರ ಇನ್ನಷ್ಟು ಬಿಗಿ ಹಿಡಿದರು, ಅದು ಇನ್ನಷ್ಟು ಎತ್ತಿತು. ಎಲ್ಲವನ್ನೂ ಬೇಲಿಗೊರಗಿ ನೋಡುತ್ತ ನಿಂತಿದ್ದ ಸೈಸ್ ಮತ್ತೆ ಬಾಯಿ ತೆರೆಯಲಿಲ್ಲ. ಅವರು ಏಕೆ ತೆರೆಯಬೇಕಿತ್ತು?

ಇಷ್ಟು ಬರೆದ ಮೇಲೆ, ಯಾರು ಏನು ಹೇಳಿದರೂ ಕೈಮುಗಿದು ಕೇಳಬೇಕೆಂಬುದು ನನ್ನ ವಾದವೆಂದು ಯಾರೂ ತಿಳಿಯಬಾರದು. ಸವಾರಿ ಶಾಲೆಯ ಬೇಲಿಯ ಹೊರಗೆ ನಿಂತು ಉಪದೇಶ ಕೊಡುವವರಿಗೆ ಎಂದೂ ಬರವಿಲ್ಲ. ಒಬ್ಬರು ‘ಹಿಮ್ಮಡಿ ಕೆಳಗೆ’ ಎಂದರೆ ಇನ್ನೊಬ್ಬರು ‘ಗಲ್ಲ ಮೇಲೆ’ ಎನ್ನುತ್ತಾರೆ, ಸವಾರರ ಅಪ್ಪ ಅಮ್ಮಂದಿರು ‘ಇನ್ನೂ ಜೋರಾಗಿ’ ಎನ್ನುತ್ತಾರೆ. ಇವರೆಲ್ಲರ ಮಾತನ್ನು ಒಂದೇ ಸುತ್ತಿನಲ್ಲಿ ಪಾಲಿಸಲು ಹೋದರೆ ಕುದುರೆಗೆ ಹುಚ್ಚು ಹಿಡಿಯುತ್ತದೆ. ಅಂಗಳದೊಳಗೆ ಒಂದು ಹೊತ್ತಿಗೆ ಒಬ್ಬರದೇ ದನಿ ಇರಬೇಕು; ಉಳಿದವರಿಗೆ ‘ತುಂಬಾ ಥ್ಯಾಂಕ್ಸ್, ಮೇಡಂ ಹತ್ತಿರ ಕೇಳುತ್ತೇನೆ’ ಎಂದರೆ ಸಾಕು, ಅದರಲ್ಲಿ ಅಗೌರವವೇನಿಲ್ಲ. ಕುದುರೆಗೆ ನೋವಾಗುವ ಸಲಹೆಯನ್ನು, ಅದು ಎಷ್ಟೇ ದೊಡ್ಡವರಿಂದ ಬಂದರೂ, ಒಪ್ಪಬೇಕಾಗಿಲ್ಲ. ಕುದುರೆಯ ಕುತ್ತಿಗೆ ಬಾಗಿದರೆ ಚೆಂದ ಕಾಣುತ್ತದೆಂದು ಲಗಾಮನ್ನು ಎಳೆದೆಳೆದು ಮೂತಿಯನ್ನು ಎದೆಗೆ ಅಂಟಿಸಲು ಹೇಳುವವರು ಇದ್ದಾರೆ. ತಿಳಿಯದವರ ಕಣ್ಣಿಗೆ ಅದು ಡ್ರೆಸ್ಸಾಜ್‌ನಂತೆಯೇ ಕಾಣಬಹುದು. ಬಲ್ಲ ತೀರ್ಪುಗಾರರು ಅದಕ್ಕೆ ಅಂಕ ಕಳೆಯುತ್ತಾರೆ, ಏಕೆಂದರೆ ಬಾಗು ಬರಬೇಕಾದದ್ದು ಹಿಂಗಾಲಿನ ಶಕ್ತಿಯಿಂದ, ಕೈಯ ಎಳೆತದಿಂದಲ್ಲ.

ಹಾಗಾದರೆ ಒಳ್ಳೆಯ ಸಲಹೆಯನ್ನೂ ಕೆಟ್ಟದ್ದನ್ನೂ ಹೊಸಬರು ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ಇಟಲಿಯ ಫೆಡೆರಿಕೊ ಕಾಪ್ರಿಲ್ಲಿ ತೋರಿಸಿದ ದಾರಿಗಿಂತ ಉತ್ತಮವಾದದ್ದು ನನಗೆ ಗೊತ್ತಿಲ್ಲ. ಆಗ ಯುರೋಪಿನ ಅಶ್ವಸೈನಿಕರೆಲ್ಲ ಬೇಲಿ ಹಾರುವಾಗ ಹಿಂದಕ್ಕೆ ವಾಲಿ, ಕಾಲು ಮುಂದಕ್ಕೆ ಚಾಚಿ, ಲಗಾಮು ಹಿಡಿದೆಳೆಯುತ್ತಿದ್ದರು. ಗುರುಗಳು ಹಾಗೆ ಕಲಿಸಿದ್ದರು. ಕಾಪ್ರಿಲ್ಲಿ ಸವಾರನಿಲ್ಲದ ಕುದುರೆ ತಾನಾಗಿ ಹೇಗೆ ಹಾರುತ್ತದೆ ಎಂದು ನೋಡಿದರು. ಅದು ಕುತ್ತಿಗೆಯನ್ನು ಮುಂದಕ್ಕೆ ಚಾಚುತ್ತಿತ್ತು. ಸವಾರ ಅದಕ್ಕೆ ಅಡ್ಡ ಬರದೆ ಮುಂದಕ್ಕೆ ಬಾಗಬೇಕು, ಕೈ ಕುದುರೆಯ ಬಾಯಿಯನ್ನು ಹಿಂಬಾಲಿಸಬೇಕು ಎಂದರು. ಸೇನೆಯ ಹಿರಿಯರು ಮೊದಲು ಒಪ್ಪಲಿಲ್ಲ. ಆದರೆ ಅವರ ವಿಧಾನದಲ್ಲಿ ಕುದುರೆಗಳು ನಿರಾಯಾಸವಾಗಿ ಹಾರತೊಡಗಿದಾಗ ಬೇರೆ ಬೇರೆ ದೇಶಗಳ ಅಧಿಕಾರಿಗಳು, ತಮ್ಮ ತಮ್ಮ ದೇಶಗಳಲ್ಲಿ ಗುರುಗಳೆನಿಸಿದ್ದವರು, ಇಟಲಿಯ ಪಿನೆರೋಲೊಗೆ ಬಂದು ಹೊಸದಾಗಿ ಕಲಿತರು. ಸಲಹೆ ಸರಿಯೋ ತಪ್ಪೋ ಎಂಬುದಕ್ಕೆ ಕುದುರೆಯೇ ಉತ್ತರ ಕೊಡುತ್ತದೆ. ಆ ಉತ್ತರ ಕೇಳಿಸಬೇಕಾದರೆ ಸಲಹೆಯನ್ನು ಮೊದಲು ಪ್ರಾಮಾಣಿಕವಾಗಿ, ಅರೆಮನಸ್ಸಿನಿಂದಲ್ಲದೆ, ಪ್ರಯೋಗಿಸಿ ನೋಡಬೇಕಷ್ಟೆ.

ಚೆನ್ನಾಗಿ ಕಲಿಯುವವರು ತಿದ್ದುಪಡಿಯನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ನಾನು ಕಂಡಂತೆ ಹೇಳುತ್ತೇನೆ. ಅವರು ತಿದ್ದಿದೊಡನೆ ಕಾರಣ ಹೇಳುವುದಿಲ್ಲ. ಕುದುರೆ ನಡೆಯುತ್ತಿರುವಾಗಲೇ ‘ಸರಿ’ ಎಂದು ಮುಂದಿನ ಸುತ್ತಿನಲ್ಲಿ ಮಾಡಿ ನೋಡುತ್ತಾರೆ. ಅರ್ಥವಾಗದಿದ್ದರೆ ಸವಾರಿ ಮುಗಿದ ಮೇಲೆ, ‘ಎಚ್ ಅಕ್ಷರದ ಮೂಲೆಯಲ್ಲಿ ನನ್ನ ಕೈ ಬಿಗಿಯಾಯಿತು ಎಂದಿರಿ, ಅದು ತಿರುವಿಗೆ ಮುಂಚೆಯೋ ಆಮೇಲೆಯೋ?’ ಎಂಬಂಥ ಕರಾರುವಾಕ್ಕಾದ ಪ್ರಶ್ನೆ ಕೇಳುತ್ತಾರೆ. ಇಂಥ ಪ್ರಶ್ನೆ ಕೇಳಿಸಿಕೊಂಡ ತರಬೇತುದಾರರ ಮುಖ ಅರಳುವುದನ್ನು ನೋಡಬೇಕು. ತಮ್ಮ ಹಳೆಯ ವಿಭಾಗದ ಹೆಸರನ್ನು ಅವರು ಎತ್ತುವುದು, ‘ರೇಸಿನಲ್ಲಿ ನಾನು ಇದನ್ನು ಹೀಗೆ ಮಾಡುತ್ತಿದ್ದೆ, ಇಲ್ಲಿ ಅದೇನಾದರೂ ಉಪಯೋಗಕ್ಕೆ ಬರುತ್ತದೆಯೇ?’ ಎಂದು ಕೇಳುವುದಕ್ಕೆ ಮಾತ್ರ. ಎಷ್ಟೋ ವೇಳೆ ಉಪಯೋಗಕ್ಕೆ ಬರುತ್ತದೆ ಕೂಡ: ರೇಸ್ ಸವಾರರ ಸಮತೋಲನ, ಅಶ್ವದಳದವರ ನಿರ್ಭೀತಿ, ಬೇಲಿ ಹಾರಿಸುವವರು ಹೆಜ್ಜೆಯ ಅಂತರ ಅಳೆಯುವ ಕಣ್ಣು, ಇವು ಡ್ರೆಸ್ಸಾಜ್‌ನಲ್ಲಿಯೇ ಬೆಳೆದವರಿಗೆ ಸುಲಭವಾಗಿ ಸಿಗುವಂಥವಲ್ಲ.

ಇನ್ನೊಂದು ಕಡೆಯ ಹೊಣೆಯನ್ನೂ ಹೇಳದಿದ್ದರೆ ಪತ್ರ ಏಕಪಕ್ಷೀಯವಾಗುತ್ತದೆ. ಸಲಹೆ ಕೊಡುವವರು ಅದನ್ನು ಎಲ್ಲರೆದುರು ಗೇಲಿಯಾಗಿ ಕೊಟ್ಟರೆ, ಸಮಾಧಾನದಿಂದ ಸ್ವೀಕರಿಸು ಎನ್ನಲು ಯಾರಿಗೂ ಹಕ್ಕಿಲ್ಲ. ಕೆಲವು ಅಂಗಳಗಳಲ್ಲಿ ಕವಾಯತಿನ ಬೈಗುಳ ಇನ್ನೂ ಶಿಕ್ಷಣದ ಹೆಸರಿನಲ್ಲಿ ನಡೆದಿದೆ. ಅದನ್ನು ನಿಲ್ಲಿಸುವುದು ಶಾಲೆ ನಡೆಸುವವರ ಕೆಲಸ.

ಭಾಷೆಯ ತೊಂದರೆ ಅದಕ್ಕಿಂತ ಹೆಚ್ಚು ವ್ಯಾಪಕವಾದದ್ದು. ಅಂಕದ ಹಾಳೆಯ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ನಾನು ಮೇಲೆ ಕನ್ನಡದಲ್ಲಿ ಕೊಟ್ಟವೂ ಮೂಲದಲ್ಲಿ ಇಂಗ್ಲಿಷಿನವೇ. ರೇಸ್ ಲಾಯಗಳಿಂದಲೋ ಪೊಲೀಸ್ ಅಶ್ವದಳದಿಂದಲೋ ಬಂದ ಸವಾರರಲ್ಲಿ ಹಲವರು ಕನ್ನಡ, ಉರ್ದು, ಹಿಂದಿಯಲ್ಲಿ ಕುದುರೆಯ ಬಗ್ಗೆ ಗಂಟೆಗಟ್ಟಲೆ ಸೂಕ್ಷ್ಮವಾಗಿ ಮಾತಾಡಬಲ್ಲವರು, ಆದರೆ ಇಂಗ್ಲಿಷಿನ ಮೂರು ಪದಗಳ ಟಿಪ್ಪಣಿಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಲು ಸಂಕೋಚಪಡುವವರು. ಹಾಳೆಯನ್ನು ಮಡಚಿ ಜೇಬಿಗೆ ತುರುಕಿದವರೆಲ್ಲ ಮುನಿಸಿನಿಂದಲೇ ಹಾಗೆ ಮಾಡಿದರೆಂದು ನಾನೂ ಹೇಳಲಾರೆ. ಅವರಲ್ಲಿ ಕೆಲವರಿಗೆ ಸಲಹೆ ತಲುಪಿಯೇ ಇರಲಿಲ್ಲ.

ಆದ್ದರಿಂದ ಸ್ಥಳೀಯ ಸ್ಪರ್ಧೆಗಳನ್ನು ಏರ್ಪಡಿಸುವವರಲ್ಲಿ ನನ್ನ ವಿನಂತಿ ಸಣ್ಣದು. ಬಹುಮಾನ ವಿತರಣೆ ಮುಗಿದ ಮೇಲೆ ಅರ್ಧ ಗಂಟೆ ತೀರ್ಪುಗಾರರನ್ನು ಒಂದು ಮೇಜಿನ ಬಳಿ ಕೂರಿಸಿ, ಬೇಕಾದ ಸವಾರರು ತಮ್ಮ ಹಾಳೆ ಹಿಡಿದು ಬಂದು ಕೇಳಲು ಅವಕಾಶ ಮಾಡಿಕೊಡಲಿ. ಅಂಕದ ಬಗ್ಗೆ ತಕರಾರಿಗೆ ಅಲ್ಲಿ ಜಾಗವಿಲ್ಲವೆಂದು ಮೊದಲೇ ಹೇಳಿಬಿಡಲಿ, ಟಿಪ್ಪಣಿಯ ವಿವರಣೆಗೆ ಮಾತ್ರ ಆ ಸಮಯ ಮೀಸಲಿರಲಿ. ಪಕ್ಕದಲ್ಲಿ ಕನ್ನಡದಲ್ಲಿ ವಿವರಿಸಬಲ್ಲ ಒಬ್ಬರಿರಲಿ. ಆ ಕೆಲಸಕ್ಕೆ ನಮ್ಮಂಥ ಸ್ಕ್ರೈಬ್‌ಗಳಲ್ಲಿ ಹಲವರು ಸಿದ್ಧರಿದ್ದೇವೆ. ಸವಾರರ ಜೊತೆ ಆ ಕುದುರೆಯ ಸೈಸ್ ಕೂಡ ಮೇಜಿನ ಬಳಿ ಬಂದು ನಿಲ್ಲಬಹುದೆಂದು ಪ್ರಕಟಣೆಯಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರೆ ಇನ್ನೂ ಒಳ್ಳೆಯದು.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು